ಅವಿರೋಧ ಆಟಗಾರ್ತಿ

ನಾನು ಟೆನಿಸ್ ಚೆನ್ನಾಗಿ ಆಡುತ್ತಿದ್ದೆ ಎಂದು ಇವತ್ತಿಗೂ ನಂಬಿರುವ ಜನ ರಾಮಮೂರ್ತಿ ನಗರದಲ್ಲಿದ್ದಾರೆ. ತರಕಾರಿ ಅಂಗಡಿಯಲ್ಲಿ ಸಿಕ್ಕರೆ, “ನೀನು ಆಟ ಬಿಡಬಾರದಿತ್ತು ಕಣಮ್ಮ” ಎನ್ನುತ್ತಾರೆ. ನಾನು ಬದನೆಕಾಯಿ ಆರಿಸುತ್ತಾ ಹೂಂ ಎನ್ನುತ್ತೇನೆ. ಅವರಲ್ಲಿ ಒಬ್ಬರೂ ನಾನು ಪಂದ್ಯ ಆಡಿದ್ದನ್ನು ಕಂಡವರಲ್ಲ. ಆದರೂ ತೊಂಬತ್ತರ ದಶಕದ ಕೊನೆಯಲ್ಲೊಂದು ವರ್ಷ ಇವರೆಲ್ಲ ಸೇರಿ ತಿಂಗಳು ತಿಂಗಳೂ ನನ್ನನ್ನು ಶ್ರೇಷ್ಠ ಆಟಗಾರ್ತಿ ಮಾಡಿ ಕೂರಿಸಿದ್ದರು. ಪ್ರೀತಿಯಿಂದಲೇ ಮಾಡಿದ್ದರು. ತೊಂದರೆಯಾದದ್ದೇ ಅದರಿಂದ. ಬೈಯುವವರಿಂದ ಹೇಗಾದರೂ ತಪ್ಪಿಸಿಕೊಳ್ಳಬಹುದು, ಮೆಚ್ಚುವವರಿಂದ ಆಗುವುದಿಲ್ಲ.

ನಮ್ಮದು ಗರುಡಾಚಾರ್‌ಪಾಳ್ಯದ ಕಡೆಯ ಒಕ್ಕಲು ಮನೆತನ. ರಾಗಿ, ಅವರೆ ಬೆಳೆಯುತ್ತಿದ್ದ ಹೊಲಗಳ ಮೇಲೆ ಕಾರ್ಖಾನೆಗಳೂ ಲೇಔಟುಗಳೂ ಬಂದವು. ಬಂದ ದುಡ್ಡಿನಲ್ಲಿ ಅಪ್ಪನೂ ದೊಡ್ಡಪ್ಪನೂ ರಾಮಮೂರ್ತಿ ನಗರದಲ್ಲಿ ಸಾಲುಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟರು. ದೊಡ್ಡಪ್ಪ ಬಹಳ ಕಾಲ ಪಂಚಾಯ್ತಿ ಮೆಂಬರಾಗಿದ್ದವರು, ಹಾಲಿನ ಸೊಸೈಟಿಯನ್ನೂ ನಡೆಸಿದವರು. ಅಪ್ಪನ ಹತ್ತಿರ ಒಂದು ಟ್ರ್ಯಾಕ್ಟರ್ ಉಳಿದಿತ್ತು. ಉಳಲು ಹೊಲವಿಲ್ಲದ ಮೇಲೆ ಅದರಲ್ಲಿ ಮಣ್ಣು, ಮರಳು ಹೊಡೆಯುತ್ತಿದ್ದ.

ಹಲಸೂರು ಕೆರೆಯ ಹತ್ತಿರ ಒಂದು ಸಣ್ಣ ಟೆನಿಸ್ ಕ್ಲಬ್ ಇತ್ತು. ಅಲ್ಲಿಯ ಕೋರ್ಟುಗಳು ಮಣ್ಣಿನವು. ಅದಕ್ಕೆ ಕಲ್ಲಿಲ್ಲದ ಒಳ್ಳೆಯ ಕೆಮ್ಮಣ್ಣು ಬೇಕು. ನಮ್ಮ ಕೊನೆಯ ಹೊಲವನ್ನು ಕೊಂಡವರು ಅಡಿಪಾಯ ತೆಗೆಯುವ ಮುಂಚೆ ಅಪ್ಪ ಅದರ ಮೇಲ್ಮಣ್ಣನ್ನು ಕೆರೆದು ತಂದು ಆ ಕ್ಲಬ್ಬಿಗೆ ಹಾಕಿದ. ಒಂದು ದಿನ ಮನೆಗೆ ಬಂದವನು ಕೈಕಾಲು ತೊಳೆಯದೆ ಜಗಲಿಯ ಮೇಲೆ ಕೂತು ನನ್ನನ್ನು ಕರೆದ.

“ನಮ್ ಹೊಲದ ಮಣ್ಣು ಕಣಮ್ಮಿ ಅದು. ಅದ್ರ ಮೇಲೆ ಯಾರ್ಯಾರ ಮಕ್ಳೋ ಬಿಳೀ ಬಟ್ಟೆ ಹಾಕ್ಕೊಂಡು ಕುಣೀತಾವೆ. ನಮ್ ಮಗು ಯಾಕೆ ಆಡ್ಬಾರ್ದು?”

ಹೀಗೆ ನಾನು ಟೆನಿಸಿಗೆ ಬಿದ್ದೆ. ಮೊದಲ ವರ್ಷ ನನಗೂ ಇಷ್ಟವಾಗಿತ್ತು ಎನ್ನುವುದನ್ನು ಮುಚ್ಚಿಡುವುದಿಲ್ಲ. ಬಿಳಿ ಶೂ, ಬಿಳಿ ಟೋಪಿ, ಸ್ಕೂಟರಿನ ಮುಂದೆ ನಿಲ್ಲಿಸಿದ ರಾಕೆಟ್ಟು ಎಲ್ಲವೂ ಚೆಂದವೇ. ಒಂಬತ್ತನೇ ಕ್ಲಾಸಿಗೆ ಬರುವ ಹೊತ್ತಿಗೆ ಆಸೆ ಇಳಿಯಿತು. ನನ್ನ ಆಟದಲ್ಲಿ ಇದ್ದದ್ದು ಒಂದೇ ಗುಣ, ಬಂದ ಚೆಂಡನ್ನು ಹೇಗೋ ವಾಪಸು ಕಳಿಸುವುದು. ಎದುರಿನವರಿಗೆ ಬೇಜಾರಾಗಿ ತಪ್ಪು ಮಾಡಿದರೆ ನಾನು ಗೆಲ್ಲುತ್ತಿದ್ದೆ. ಗೆದ್ದರೂ ನನಗೆ ಖುಷಿಯಾಗುತ್ತಿರಲಿಲ್ಲ. ಮೊಣಕೈ ನೋಯುತ್ತಿತ್ತು. ಬೆಳಕು ಹರಿಯುವ ಮುಂಚೆ ಎಬ್ಬಿಸಿ, ಸ್ವೆಟರು ತೊಡಿಸಿ, ಟಿನ್ ಫ್ಯಾಕ್ಟರಿ ದಾಟಿಸಿ, ಹಳೇ ಮದ್ರಾಸ್ ರಸ್ತೆಯ ಲಾರಿಗಳ ಹೊಗೆಯಲ್ಲಿ ನನ್ನನ್ನು ಹಲಸೂರಿಗೆ ಸಾಗಿಸುತ್ತಿದ್ದರು. ಆಮೇಲೆ ಇಡೀ ದಿನ ಕ್ಲಾಸಿನಲ್ಲಿ ತೂಕಡಿಕೆ. ಜಗತ್ತಿನಲ್ಲಿ ನನಗೆ ಬೇಕಾಗಿದ್ದದ್ದು ನಿದ್ದೆ ಒಂದೇ. ಬೇರೆ ಹುಡುಗಿಯರಂತೆ ಹಾಲಿನವನು ಬಂದ ಮೇಲೆ ಏಳಬೇಕು ಎಂಬುದೇ ನನ್ನ ದೊಡ್ಡ ಮಹತ್ವಾಕಾಂಕ್ಷೆ.

ಒಂದು ಬೆಳಿಗ್ಗೆ ಸ್ಕೂಟರಿನ ಹಿಂದೆ ಕೂತು, ಮುಖ ಕಾಣುವುದಿಲ್ಲ ಎಂಬ ಧೈರ್ಯದಲ್ಲಿ ಹೇಳಿಬಿಟ್ಟೆ.

“ಅಪ್ಪ, ನಂಗೆ ಟೆನಿಸ್ ಸಾಕು. ಬಿಟ್ಬಿಡ್ತೀನಿ.”

ಅಪ್ಪ ಗೇರು ಬದಲಿಸಿ ಮುಂದಿದ್ದ ಲಾರಿಯನ್ನು ಹಿಂದೆ ಹಾಕಿದ. ಕ್ಲಬ್ಬಿನ ಗೇಟಿನ ಮುಂದೆ ಸ್ಕೂಟರು ನಿಲ್ಲಿಸಿ, “ಈ ತಿಂಗಳು ಮುಗೀಲಿ. ಫೀಸ್ ಕಟ್ಟಿದೀನಲ್ಲ, ಸುಮ್ನೆ ಬುಡಕ್ಕಾಗಲ್ಲ. ತಿಂಗಳು ಮುಗುದ್ಮೇಲೆ ನಿನ್ನಿಷ್ಟ” ಎಂದ.

ಅಪ್ಪ ಕೊಟ್ಟ ಮಾತಿಗೆ ತಪ್ಪುವವನಲ್ಲ. ತಿಂಗಳು ಮುಗಿಯುವುದನ್ನೇ ಕಾಯುತ್ತಾ ಆ ಕೆಲವು ವಾರ ನಾನು ಎಂದಿಗಿಂತ ಚೆನ್ನಾಗಿಯೇ ಆಡಿದೆನೇನೋ.

ಅದೇ ತಿಂಗಳು ಕ್ಲಬ್ಬಿನ ಸೆಕ್ರೆಟರಿಗೆ ಒಂದು ಹೊಸ ಯೋಚನೆ ಹೊಳೆಯಿತು. ಮಿಲಿಟರಿಯಿಂದ ನಿವೃತ್ತರಾದ ದೊಡ್ಡ ಮೀಸೆಯ ಮನುಷ್ಯ. ಮಕ್ಕಳು ಆಡುವಾಗ ನೋಡಲು ಯಾರೂ ಬರುವುದಿಲ್ಲ, ಬೆಂಚುಗಳ ಮೇಲೆ ನಾಯಿಗಳು ಮಲಗುತ್ತವೆ ಎಂಬುದು ಅವರ ಕೊರಗು. “ಫ್ಯಾನ್ಸ್ ಇಲ್ದೆ ಗೇಮ್ ಇಲ್ಲಮ್ಮಾ” ಎನ್ನುತ್ತಿದ್ದರು. ಆದ್ದರಿಂದ ‘ತಿಂಗಳ ಆಟಗಾರ’ ಎಂಬ ಪದ್ಧತಿ ಶುರುವಾಯಿತು. ಆಯ್ಕೆ ಮಾಡುವವರು ಕೋಚುಗಳಲ್ಲ, ಅಭಿಮಾನಿಗಳು. ಕೌಂಟರಿನಲ್ಲಿ ಗುಲಾಬಿ ಬಣ್ಣದ ಚೀಟಿಗಳು ಇರುತ್ತಿದ್ದವು. ಆಟಗಾರರ ಹೆಸರು, ಸೂಚಿಸುವವರ ಹೆಸರು, ಯಾಕೆ ಸೂಚಿಸುತ್ತೀರಿ ಎಂದು ಒಂದು ಸಾಲು ಬರೆದು ಮರದ ಡಬ್ಬಿಗೆ ಹಾಕಬೇಕು. ಹೆಚ್ಚು ಚೀಟಿ ಬಂದವರ ಫೋಟೋ ಗಾಜಿನ ಬೋರ್ಡಿನಲ್ಲಿ ಒಂದು ತಿಂಗಳು ಇರುತ್ತದೆ. ಬಹುಮಾನ ಏನೆಂದರೆ, ಮುಂದಿನ ತಿಂಗಳು ಕೋರ್ಟೂ ಕೋಚಿಂಗೂ ಉಚಿತ.

ನನ್ನ ಕುತ್ತಿಗೆಗೆ ಹಗ್ಗ ಬಿದ್ದದ್ದು ಆ ಕೊನೆಯ ಸಾಲಿನಿಂದ.

ಅಪ್ಪ ಒಂದು ಕಟ್ಟು ಚೀಟಿ ಮನೆಗೆ ತಂದ. ಆಗ ನಮ್ಮ ಕಡೆ ಬೋರ್‌ವೆಲ್ಲಿನ ನೀರೇ ಗತಿ. ಸಂಜೆ ಅಪ್ಪ ಮೋಟಾರು ಹಾಕಿದಾಗ ಬಾಡಿಗೆ ಮನೆಗಳವರೆಲ್ಲ ಕೊಡ, ಬಕೆಟ್ಟು ಹಿಡಿದು ತೊಟ್ಟಿಯ ಹತ್ತಿರ ಸೇರುತ್ತಿದ್ದರು. ಅಪ್ಪ ತೊಟ್ಟಿಯ ಕಟ್ಟೆಯ ಮೇಲೆ ನಿಂತು ಒಬ್ಬೊಬ್ಬರಿಗೂ ಚೀಟಿ ಕೊಟ್ಟ. ಯಾರನ್ನೂ ಬಲವಂತ ಮಾಡಲಿಲ್ಲ, ಹೆದರಿಸಲಿಲ್ಲ. ನೀರು ಬಿಡುವವನ ಮಗಳು ಚೆನ್ನಾಗಿ ಆಡುತ್ತಾಳೆ ಎಂದು ಬರೆಯಲು ಯಾರಿಗೆ ತಾನೇ ಬೇಸರ?

ಧಾರವಾಡದ ಕಡೆಯಿಂದ ಬಂದಿದ್ದ ಒಬ್ಬರು ಆಂಟಿ ನಮ್ಮ ಮೂರನೇ ಮನೆಯಲ್ಲಿದ್ದರು. ಅವರ ಗಂಡ ಯಾವುದೋ ಆಫೀಸಿನಲ್ಲಿ ಗುಮಾಸ್ತರು. ಆಂಟಿ ಚೀಟಿ ಹಿಡಿದು ನನ್ನನ್ನೇ ಕೇಳಿದರು.

“ಯಾಕ ಅಂತ ಏನ್ ಬರೀಲಿ ತಂಗೀ? ನಾ ನಿನ್ ಆಟಾನ ನೋಡಿಲ್ಲಲ್ಲ.”

“ಬರೀಬೇಡಿ ಆಂಟಿ” ಎಂದೆ ಆಸೆಯಿಂದ.

“ಛೇ, ಹಂಗಂದ್ರ ಹೆಂಗ? ಮನಿ ಹುಡುಗಿ ನೀನು” ಎಂದು ಯೋಚಿಸಿ, ‘ಹಿರಿಯರಿಗೆ ಗೌರವ ಕೊಡುತ್ತಾಳೆ’ ಎಂದು ದುಂಡಾಗಿ ಬರೆದರು.

ಅವರನ್ನು ನೋಡಿ ಉಳಿದವರಿಗೂ ದಾರಿ ಸಿಕ್ಕಿತು. ‘ಬೆಳಿಗ್ಗೆ ಬೇಗ ಏಳುತ್ತಾಳೆ.’ ‘ಯಾರ ಜೊತೆಯೂ ಜಗಳಕ್ಕೆ ಹೋಗುವುದಿಲ್ಲ.’ ‘ತಲೆ ತಗ್ಗಿಸಿ ನಡೆಯುತ್ತಾಳೆ.’ ಒಬ್ಬ ಲಾರಿ ಡ್ರೈವರ್ ‘ಒಳ್ಳೆ ಕೈ’ ಎಂದು ಬರೆದಿದ್ದ. ಅದೊಂದೇ ಸ್ವಲ್ಪ ಆಟಕ್ಕೆ ಸಂಬಂಧಪಟ್ಟ ಮಾತು. ತಿಂಗಳ ಕೊನೆಯ ಭಾನುವಾರ ಸೆಕ್ರೆಟರಿ ಎಲ್ಲರನ್ನೂ ಬೋರ್ಡಿನ ಮುಂದೆ ನಿಲ್ಲಿಸಿ ಚೀಟಿಗಳನ್ನು ಒಂದೊಂದಾಗಿ ಓದಿದರು. ಬೇರೆ ಮಕ್ಕಳಿಗೆ ಅಪ್ಪ, ಅಮ್ಮ, ಅಜ್ಜಿ ಬರೆದ ಮೂರು ನಾಲ್ಕು ಚೀಟಿ. ನನಗೆ ಒಂದು ರಾಶಿ. ‘ತಲೆ ತಗ್ಗಿಸಿ ನಡೆಯುತ್ತಾಳೆ’ ಎಂದು ಓದಿದಾಗ ಇಂದಿರಾನಗರದ ಹುಡುಗರು ನಕ್ಕರು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ನಮ್ಮ ಹೊಲದ್ದೇ ಮಣ್ಣು, ಆದರೂ ಬಿಡಲಿಲ್ಲ.

ಮನೆಗೆ ಬರುತ್ತಾ ಅಪ್ಪನಿಗೆ ನೆನಪು ಮಾಡಿದೆ. “ತಿಂಗಳು ಮುಗೀತಲ್ಲಪ್ಪ.”

“ಮುಗೀತು. ಆದ್ರೆ ಈಗ ಬಿಟ್ಟಿ ಸಿಕ್ಕದೆ. ಜನ ಅಷ್ಟು ಅಭಿಮಾನದಿಂದ ಕೊಡ್ಸವ್ರೆ. ಬ್ಯಾಡ ಅನ್ನಕ್ಕಾಯ್ತದಾ? ಈ ತಿಂಗಳೊಂದು ಮುಗೀಲಿ.”

ಮುಂದಿನ ತಿಂಗಳೂ ಹೀಗೇ ಆಯಿತು. ಅದರ ಮುಂದಿನ ತಿಂಗಳೂ ಆಯಿತು. ಪ್ರತಿ ಸಲವೂ ಅಪ್ಪನ ಮಾತು ಒಂದೇ, ನ್ಯಾಯವಾದದ್ದೇ. ಒಂದು ತಿಂಗಳು ಬಹುಮಾನ ಬರದಿದ್ದರೆ ನಾನು ಬಿಡಬಹುದು. ಆದರೆ ಬಹುಮಾನ ಬರದಿರುವಂತೆ ಮಾಡುವುದು ಹೇಗೆ? ಬೇಕೆಂದೇ ಸೋತು ನೋಡಿದೆ. ಚೀಟಿ ಬರೆಯುವವರಿಗೂ ಸೋಲು ಗೆಲುವಿಗೂ ಸಂಬಂಧವೇ ಇರಲಿಲ್ಲವಲ್ಲ. ಒಂದು ಸಲ ತೊಟ್ಟಿಯ ಹತ್ತಿರ ಹಿರಿಯರೊಬ್ಬರಿಗೆ ಎದುರು ಮಾತಾಡಿದೆ. ಪಾಪ, ಆಟದ ಟೆನ್ಷನ್ನು ಎಂದು ಅವರು ಮರುಕಪಟ್ಟು, ‘ಒತ್ತಡದಲ್ಲೂ ಆಡುತ್ತಾಳೆ’ ಎಂದು ಬರೆದರು. ಬಿಸಿ ತುಪ್ಪ ಬಾಯಿಗೆ ಬಿದ್ದಿತ್ತು, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಸಾಲುಮನೆಗಳ ಮುಂದೆ ನಡೆದರೆ ಎರಡೂ ಕಡೆಯ ಬಾಗಿಲುಗಳಿಂದ ಜನ ನಗುತ್ತಾ ನೋಡುತ್ತಿದ್ದರು. ಆ ನಗುವಿಗೆ ಏನೂ ತಪ್ಪು ಹೇಳುವ ಹಾಗಿರಲಿಲ್ಲ. ಕೋಪ ಮಾತ್ರ ಬರುತ್ತಿತ್ತು, ಹಾಕಲು ಜಾಗವಿಲ್ಲದ ಕೋಪ.

ಅಮ್ಮನದೂ ಒಂದು ಚೀಟಿ ಇರುತ್ತಿತ್ತು. ಅಮ್ಮನಿಗೆ ಓದು ಬರಹ ಬಾರದು. ಅವಳ ಚೀಟಿಯನ್ನು ನಾನೇ ಬರೆಯಬೇಕು, ಅವಳು ಹೆಬ್ಬೆಟ್ಟು ಒತ್ತಬೇಕು. ಒಂದು ಸಂಜೆ ಅಮ್ಮ ಒಲೆಯ ಮುಂದೆ ಕೂತು ಮುದ್ದೆ ತಿರುವುತ್ತಿದ್ದಳು. ನಾನು ಪೆನ್ನು ಹಿಡಿದು, “ಯಾಕೆ ಅಂತ ಬರೀಲಿ?” ಎಂದೆ.

ಅಮ್ಮ ಕೋಲು ನಿಲ್ಲಿಸದೆ, “ಮಗೀಗೆ ಸುಸ್ತಾಗೈತೆ ಅಂತ ಬರಿ” ಎಂದಳು.

ನಾನು ಅವಳ ಮುಖ ನೋಡಿದೆ. ಅವಳು ಪಾತ್ರೆಯನ್ನೇ ನೋಡುತ್ತಿದ್ದಳು. ಹಾಗೆ ಬರೆದರೆ ಸೆಕ್ರೆಟರಿ ಎಲ್ಲರ ಮುಂದೆ ಓದುತ್ತಾರೆ, ಅಪ್ಪನ ಮಾನ ಹೋಗುತ್ತದೆ. ‘ಚೆನ್ನಾಗಿ ಓಡುತ್ತಾಳೆ’ ಎಂದು ಬರೆದೆ. ಅಮ್ಮ ಏನು ಬರೆದೆ ಎಂದು ಕೇಳಲಿಲ್ಲ. ಕೈ ಸೆರಗಿಗೆ ಒರೆಸಿಕೊಂಡು ಬಂದು ಹೆಬ್ಬೆಟ್ಟು ಒತ್ತಿದಳು.

ಕ್ಲಬ್ಬಿನಲ್ಲಿ ನನಗೆ ಗೆಳತಿ ಎಂದು ಇದ್ದವಳು ಒಬ್ಬಳೇ. ಬೆನ್ಸನ್ ಟೌನಿನವಳು, ತಮಿಳು ಮಾತಾಡುವ ಕ್ರೈಸ್ತರ ಮನೆಯವಳು, ಅಜ್ಜಿಯ ಜೊತೆ ಹಳೆಯ ಹೆಂಚಿನ ಮನೆಯಲ್ಲಿದ್ದಳು. ಆಟ ಎಂದರೆ ಅವಳದು. ಅವಳು ಸರ್ವ್ ಮಾಡಿದರೆ ಪಕ್ಕದ ಕೋರ್ಟಿನವರು ಆಟ ನಿಲ್ಲಿಸಿ ನೋಡುತ್ತಿದ್ದರು. ಡಿಸೆಂಬರಿನಲ್ಲಿ ಇನ್ನೊಂದು ಕ್ಲಬ್ಬಿನ ಜೊತೆ ಪಂದ್ಯವಾದಾಗ ನಮ್ಮ ಮಾನ ಉಳಿಸಿದವಳು ಅವಳೊಬ್ಬಳೇ. ಆಟ ಮುಗಿಸಿ ನಲ್ಲಿಯ ಹತ್ತಿರ ಮುಖ ತೊಳೆಯುತ್ತಾ ಹೇಳಿದಳು.

“ಜನವರಿಯಿಂದ ನಾನ್ ಬರಲ್ಲ ಡೀ. ಫೀಸ್ ಕಟ್ಟಕ್ಕಾಗಲ್ಲ ಅಂತ ಅಜ್ಜಿ ಹೇಳ್ಬಿಟ್ರು.”

ಅವಳ ಕಣ್ಣು ಕೆಂಪಾಗಿತ್ತು. ನನಗೆ ನಾಚಿಕೆಯಾಯಿತು. ಬೇಡ ಎನ್ನುವ ನನಗೆ ತಿಂಗಳು ತಿಂಗಳೂ ಬಿಟ್ಟಿ ಸಿಗುತ್ತಿದೆ, ಬೇಕು ಎನ್ನುವ ಅವಳು ಹೊರಗೆ ಹೋಗುತ್ತಿದ್ದಾಳೆ.

“ಈ ತಿಂಗಳ ಆಟಗಾರ್ತಿ ನೀನೇ ಆಗ್ಬೇಕು. ಚರ್ಚಲ್ಲಿ ಎಲ್ಲರ ಹತ್ರಾನೂ ಬರೆಸು” ಎಂದೆ.

ಅವಳು ಬರೆಸಲು ಶುರುಮಾಡಿದಳು. ಆ ಸುದ್ದಿ ಸೆಕ್ರೆಟರಿಯ ಬಾಯಿಂದ ಅಪ್ಪನಿಗೆ, ಅಪ್ಪನಿಂದ ದೊಡ್ಡಪ್ಪನಿಗೆ ತಲುಪಿತು.

ದೊಡ್ಡಪ್ಪ ಅದುವರೆಗೆ ಈ ಚೀಟಿಯ ವಿಷಯಕ್ಕೆ ತಲೆ ಹಾಕಿರಲಿಲ್ಲ. ಎದುರಾಳಿ ಇದ್ದಾರೆ ಎಂದು ಕೇಳಿದ ಕೂಡಲೇ ಶಲ್ಯ ಕೊಡವಿಕೊಂಡು ಎದ್ದು ಕೂತರು.

“ಎಲೆಕ್ಷನ್ನು ಯಾಕ್ಲಾ? ಎರಡು ಮನೆಯೋರ ನಡುವೆ ಮನಸ್ತಾಪ. ಸೊಸೈಟೀಲಿ ನಾವೇನ್ ಮಾಡ್ತಿದ್ವಿ? ಹೋಗಿ ತಾಂಬೂಲ ಕೊಟ್ಟು, ದೊಡ್ಡೋರ ಹತ್ರ ಒಂದ್ ಮಾತು ಹಾಕದು. ಅವ್ರು ಹಿಂದಕ್ಕೆ ಸರೀತಾರೆ. ಅವಿರೋಧ ಆಯ್ಕೆ ಮಾಡ್ಬುಡದು.”

ನಮ್ಮ ಊರುಗಳಲ್ಲಿ ಅದು ದೊಡ್ಡ ಮರ್ಯಾದೆಯ ಪದ್ಧತಿ. ಎದುರು ನಿಂತವನ ಮನೆಗೆ ಹಿರಿಯರು ತಟ್ಟೆ ಹಿಡಿದು ಹೋಗುತ್ತಾರೆ. ಇದ್ದ ವಿಷಯವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮಳೆ, ಬೆಳೆ, ದನಕರು ಎಂದು ಮಾತಾಡಿ ತಟ್ಟೆ ಮುಂದಿಡುತ್ತಾರೆ. ತೆಗೆದುಕೊಂಡರೆ ಒಪ್ಪಿದ ಹಾಗೆ. ತಟ್ಟೆಯನ್ನು ಖಾಲಿ ಕಳಿಸದೆ ಏನಾದರೂ ಇಟ್ಟು ವಾಪಸು ಕೊಟ್ಟರೆ ಮಾತು ಗಟ್ಟಿಯಾಯಿತು ಎಂದೇ ಅರ್ಥ.

ಮರುದಿನ ಸಂಜೆ ದೊಡ್ಡಪ್ಪನ ಜೀಪಿನಲ್ಲಿ ನಾವು ಮೂವರು ಬೆನ್ಸನ್ ಟೌನಿಗೆ ಹೊರಟೆವು. ಮನೆ ತೋರಿಸುವುದಕ್ಕೆ ನಾನು ಬೇಕಿತ್ತು. ನನ್ನ ತೊಡೆಯ ಮೇಲೆ ತಾಂಬೂಲದ ತಟ್ಟೆ, ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ಬಾಳೆಹಣ್ಣು. ಕುಂಕುಮ ಇಡಬೇಕೋ ಬೇಡವೋ ಎಂದು ಟಿನ್ ಫ್ಯಾಕ್ಟರಿಯವರೆಗೆ ಚರ್ಚೆ ನಡೆದು ಬೇಡವೆಂದು ತೀರ್ಮಾನವಾಗಿತ್ತು. ನನಗೆ ಅಳು ಬರುತ್ತಿತ್ತು. ನನ್ನ ಗೆಳತಿಯ ಕೈಯಿಂದ ಆಟವನ್ನು ಕಿತ್ತು ನನ್ನ ಕುತ್ತಿಗೆಗೆ ಕಟ್ಟಲು ಹೊರಟಿದ್ದರು, ಅದನ್ನು ಹೊತ್ತುಕೊಂಡು ಹೋಗುವವಳೂ ನಾನೇ.

ಕ್ರಿಸ್ಮಸ್ ಹತ್ತಿರವಾಗಿದ್ದರಿಂದ ಆ ಮನೆಯ ಮುಂದೆ ಕಾಗದದ ನಕ್ಷತ್ರ ತೂಗುತ್ತಿತ್ತು. ಅಜ್ಜಿ ಬಿಳಿ ಸೀರೆಯುಟ್ಟ ಸಣ್ಣ ಜೀವ. ನಮ್ಮನ್ನು ನೋಡಿ ಗಾಬರಿಯಾಗಿ, ಆಮೇಲೆ ಸಂತೋಷವಾಗಿ, ಬೆತ್ತದ ಕುರ್ಚಿಗಳ ಮೇಲಿದ್ದ ಇಸ್ತ್ರಿ ಬಟ್ಟೆಗಳನ್ನು ತೆಗೆದು ಕೂರಿಸಿದರು. ಗೆಳತಿ ಬಾಗಿಲ ಹಿಂದೆ ನಿಂತು ನನಗೆ ಏನು ಎಂದು ಕಣ್ಣಲ್ಲೇ ಕೇಳಿದಳು. ನಾನು ನೆಲ ನೋಡಿದೆ.

ದೊಡ್ಡಪ್ಪ ಚಳಿಯ ಬಗ್ಗೆ ಮಾತಾಡಿದರು. ಅಜ್ಜಿಯ ಮನೆಯ ಹಲಸಿನ ಮರವನ್ನು ಹೊಗಳಿದರು. ಕೊನೆಗೆ ಗಂಟಲು ಸರಿಮಾಡಿಕೊಂಡು ಅಡ್ಡಗೋಡೆಯ ಮೇಲೆ ದೀಪ ಇಟ್ಟರು.

“ಹುಡುಗೀರು ಇಬ್ರೂ ಚೆನ್ನಾಗಿ ಆಡ್ತಾರೆ ತಾಯಿ. ನೀವು ಹಿರಿಯರು. ನೀವು ಮನಸ್ ಮಾಡಿದ್ರೆ ಎಲ್ಲಾ ಸುಸೂತ್ರ ಆಗ್ತದೆ.”

“ನಾನೇನ್ ಮಾಡೋದಪ್ಪಾ. ಎಲ್ಲಾ ದೇವ್ರು ನಡೆಸ್ತಾನೆ. ಆಗ್ಲಿ, ಒಳ್ಳೇದಾಗ್ಲಿ” ಎಂದರು ಅಜ್ಜಿ, ತಮಿಳಿನ ಎಳೆಯಿದ್ದ ಕನ್ನಡದಲ್ಲಿ.

ದೊಡ್ಡಪ್ಪ ನನಗೆ ಕಣ್ಣು ಮಾಡಿದರು. ನಾನು ಎದ್ದು ತಟ್ಟೆ ಮುಂದೆ ಹಿಡಿದೆ. ಅಜ್ಜಿ ಎರಡೂ ಕೈಯಲ್ಲಿ ತೆಗೆದುಕೊಂಡು ಹಣೆಗೆ ಒತ್ತಿಕೊಂಡರು. ಒಳಗೆ ಹೋಗಿ ಅದೇ ತಟ್ಟೆಯ ತುಂಬ ಕೇಕೂ, ಕಲ್‌ಕಲ್ ಎಂಬ ಕರಿದ ಸಿಹಿತಿಂಡಿಯೂ ಹಾಕಿಕೊಂಡು ಬಂದು ನನ್ನ ಕೈಗೆ ಕೊಟ್ಟರು. ಹಬ್ಬದಲ್ಲಿ ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸುವುದುಂಟೇ?

ಅಪ್ಪನೂ ದೊಡ್ಡಪ್ಪನೂ ಒಬ್ಬರನ್ನೊಬ್ಬರು ನೋಡಿಕೊಂಡರು.

ಆ ಕೋಣೆಯಲ್ಲಿ ಆದದ್ದೇನು ಎಂದು ತಿಳಿದಿದ್ದವಳು ನಾನೊಬ್ಬಳೇ. ಆ ಮನೆಯವರಿಗೆ ಎಲೆ ಅಡಿಕೆ ಎಂದರೆ ಎಲೆ ಅಡಿಕೆ, ತೆಂಗಿನಕಾಯಿ ಎಂದರೆ ಚಟ್ನಿ. ನಾವು ಹಬ್ಬದ ಶುಭಾಶಯಕ್ಕೆ ಬಂದಿದ್ದೇವೆ ಎಂದು ಅವರು ಖುಷಿಪಟ್ಟಿದ್ದರು. ಒಂದು ಮಾತು ಹೇಳಿದ್ದರೆ ಎಲ್ಲ ಬಯಲಾಗುತ್ತಿತ್ತು. ಮಾತು ಬೆಳ್ಳಿ ಮೌನ ಬಂಗಾರ ಎಂದು ನಮ್ಮ ಶಾಲೆಯ ಗೋಡೆಯ ಮೇಲೆ ಬರೆಸಿದ್ದರು. ನಾನು ಒಂದು ಕಲ್‌ಕಲ್ ಬಾಯಿಗೆ ಹಾಕಿಕೊಂಡು ಬಂಗಾರದಂಥ ಹುಡುಗಿಯಾಗಿ ಜೀಪು ಹತ್ತಿದೆ.

ದಾರಿಯಲ್ಲಿ ದೊಡ್ಡಪ್ಪ ಕೇಕು ತಿನ್ನುತ್ತಾ, “ಮರ್ಯಾದಸ್ಥರು. ಒಂದೇ ಮಾತಿಗೆ ಒಪ್ಬುಟ್ರು” ಎಂದರು.

ಮರುದಿನ ಸಂಜೆ ತೊಟ್ಟಿಯ ಹತ್ತಿರ ಅವರೇ ನಿಂತು ಬಾಡಿಗೆಯವರಿಗೆಲ್ಲ ಹೇಳಿದರು. “ಈ ಸಲ ಅವಿರೋಧ. ಯಾರೂ ಚೀಟಿ ಬರೆಯಂಗಿಲ್ಲ. ತಾಂಬೂಲ ಆದ್ಮೇಲೂ ಓಟು ಹಾಕಿದ್ರೆ ಹಿಂದೆ ಸರಿದೋರಿಗೆ ಅವಮಾನ.” ಧಾರವಾಡದ ಆಂಟಿ ಬರೆದಿಟ್ಟಿದ್ದ ಚೀಟಿಯನ್ನು ಹರಿದು ಹಾಕಿದರು. ನಾನು ಕೊಡ ತುಂಬಿಸುವ ನೆಪದಲ್ಲಿ ಅದನ್ನು ಕಣ್ತುಂಬ ನೋಡಿದೆ.

ತಿಂಗಳ ಕೊನೆಯ ಭಾನುವಾರ ಸೆಕ್ರೆಟರಿ ಓದಿದರು. ನನ್ನ ಗೆಳತಿಗೆ ಚರ್ಚಿನವರ ಚೀಟಿಗಳ ಕಂತೆ. ನನಗೆ ಒಂದೇ ಒಂದು. ಅದು ಗೆಳತಿ ಬರೆದದ್ದು. “ನಿಮ್ಮೋರು ಅಷ್ಟು ದೂರದಿಂದ ಬಂದು ವಿಷ್ ಮಾಡಿದ್ರಲ್ಲ, ಅದಕ್ಕೇ ಡೀ” ಎಂದಳು ಆಮೇಲೆ, ನನ್ನ ಕೈ ಹಿಡಿದು ಕುಣಿಯುತ್ತಾ. ನಾನೂ ಕುಣಿದೆ. ಆ ಅಂಗಳದಲ್ಲಿ ನಾನು ಮನಸಾರೆ ಕುಣಿದದ್ದು ಅದೊಂದೇ ಸಲ. ಬೇಲಿಯಾಚೆ ಸ್ಕೂಟರಿಗೆ ಒರಗಿ ನಿಂತಿದ್ದ ಅಪ್ಪನ ಮುಖ ಕಪ್ಪಿಟ್ಟಿತ್ತು.

ಮನೆಯಲ್ಲಿ ದೊಡ್ಡಪ್ಪ ಕೂಗಾಡಿದರು. ತಾಂಬೂಲ ತೆಗೆದುಕೊಂಡು, ಮರುತಾಂಬೂಲವನ್ನೂ ಕೊಟ್ಟು, ಆಮೇಲೆ ಚೀಟಿ ಹಾಕಿಸಿಕೊಂಡವರನ್ನು ಅವರು ತಮ್ಮ ಆಯುಷ್ಯದಲ್ಲಿ ಕಂಡಿರಲಿಲ್ಲ. “ಆ ಕ್ಲಬ್ಬಿನ ಹೊಸಿಲು ತುಳೀಬೇಡಿ” ಎಂದರು. ಮರುದಿನ ಬೆಳಿಗ್ಗೆ ಅಪ್ಪ ನನ್ನನ್ನು ಎಬ್ಬಿಸಲಿಲ್ಲ.

ಅಹಾ, ಆ ಜನವರಿಯ ನಿದ್ದೆ. ಹಾಲಿನವನ ಗಂಟೆ ಕೇಳಿ ಮಗ್ಗುಲು ಬದಲಿಸಿ ಮತ್ತೆ ಮಲಗುತ್ತಿದ್ದೆ. ಬೀಸುವ ದೊಣ್ಣೆ ತಪ್ಪಿತು ಎಂದುಕೊಂಡೆ.

ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೆ ಹಿತ್ತಿಲಲ್ಲಿ ಟ್ರ್ಯಾಕ್ಟರಿನ ಸದ್ದು ಕೇಳಿತು. ಸಾಲುಮನೆಗಳ ಹಿಂದೆ ನಮ್ಮದೊಂದು ಖಾಲಿ ಜಾಗ ಉಳಿದಿತ್ತು. ಅಮ್ಮ ಅಲ್ಲಿ ಸೊಪ್ಪು ಹಾಕುತ್ತಿದ್ದಳು, ಅವರೆ ಚಪ್ಪರ ಕಟ್ಟುತ್ತಿದ್ದಳು, ಬೇಸಿಗೆಯಲ್ಲಿ ಸಂಡಿಗೆ ಒಣಗಿಸುತ್ತಿದ್ದಳು. ಅಪ್ಪ ಚಪ್ಪರ ಕಿತ್ತು ನೆಲ ಮಟ್ಟ ಮಾಡಿಸುತ್ತಿದ್ದ.

“ಏನಪ್ಪ ಇದು?” ಎಂದೆ. ಉತ್ತರ ಗೊತ್ತಿತ್ತು.

“ನಿಂಗೇಯ. ಇನ್ಮೇಲೆ ಯಾರ ಹಂಗೂ ಬ್ಯಾಡ. ನಮ್ ಜಾಗ, ನಮ್ ಕೋರ್ಟು” ಎಂದ. ಅವನ ಕಣ್ಣಲ್ಲಿ ಎಷ್ಟು ಆಸೆಯಿತ್ತೆಂದರೆ, ‘ತಿಂಗಳು ಮುಗಿಯಿತಲ್ಲ’ ಎನ್ನುವುದನ್ನು ಬಿಟ್ಟು ಕಿತ್ತ ಚಪ್ಪರದ ಗಳುಗಳನ್ನು ಎತ್ತಿಡತೊಡಗಿದೆ. ಹೊಲದ ಮಣ್ಣನ್ನು ಯಾರದೋ ಕ್ಲಬ್ಬಿಗೆ ಹಾಕಿ ಬಂದವನು ಅವನು. ಈಗ ಅಲ್ಲಿಗೂ ಹೋಗುವ ಹಾಗಿಲ್ಲ.

ನೀರಿನ ತೊಂದರೆಯಿಂದ ಮಣ್ಣು ಬೇಡವೆಂದು ಸಿಮೆಂಟು ಹಾಕಿಸಿದರು. ಬಾಣಲೆಯಿಂದ ಬೆಂಕಿಗೆ ಬಿದ್ದೆ. ಕ್ಲಬ್ಬಿನಲ್ಲಾದರೆ ಮನೆಯವರ ಕಣ್ಣು ಇರುತ್ತಿರಲಿಲ್ಲ. ಇಲ್ಲಿ ಸಾಲುಮನೆಗಳ ಹಿಂದಿನ ಕಿಟಕಿಗಳೆಲ್ಲ ಕೋರ್ಟಿಗೇ ತೆರೆದುಕೊಂಡಿದ್ದವು. ಜನ ಹಲ್ಲುಜ್ಜುತ್ತಾ, ಕಾಫಿ ಕುಡಿಯುತ್ತಾ ನನ್ನ ಆಟ ನೋಡಿದರು. ಆಟವಾದರೂ ಏನು? ಎದುರು ಯಾರೂ ಇಲ್ಲ. ಗೋಡೆಗೆ ಹೊಡೆಯುವುದು, ಗೋಡೆ ವಾಪಸು ಕಳಿಸುವುದು. ನನ್ನಂಥದೇ ಆಟ ಆ ಗೋಡೆಯದು, ನನಗಿಂತ ಚೆನ್ನಾಗಿ ಆಡುತ್ತಿತ್ತು. ಚೆಂಡು ತಪ್ಪಿದರೂ ಚಪ್ಪಾಳೆ. ಧಾರವಾಡದ ಆಂಟಿ ಕಿಟಕಿಯಿಂದ, “ಭಾಳ ಛಲೋ ಆಡ್ತಿ ತಂಗೀ” ಎನ್ನುತ್ತಿದ್ದರು.

ದೊಡ್ಡಪ್ಪ ಕೋರ್ಟಿನ ಬಾಗಿಲಿಗೆ ಒಂದು ಬೋರ್ಡು ಬರೆಸಿ ತಂದು ಹೊಡೆಸಿದರು. ‘ತಿಂಗಳ ಆಟಗಾರ್ತಿ’ ಎಂದು ದಪ್ಪ ಅಕ್ಷರ, ಕೆಳಗೆ ನನ್ನ ಫೋಟೋ. ಆ ಕೋರ್ಟಿನಲ್ಲಿ ಆಡುವವಳು ನಾನೊಬ್ಬಳೇ. ಫೆಬ್ರವರಿಯಲ್ಲಿ ಅವಿರೋಧವಾಗಿ ಆಯ್ಕೆಯಾದೆ. ಮಾರ್ಚಿನಲ್ಲೂ ಆದೆ. ಇನ್ನು ನಾನು ಸಾಯುವವರೆಗೆ ಆಗುತ್ತಲೇ ಇರುತ್ತೇನೆ ಎಂದು ಆ ಬೋರ್ಡಿನ ಮುಂದೆ ನಿಂತು ಲೆಕ್ಕ ಹಾಕಿದೆ. ಆವತ್ತು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಹೊರಗೆ ಬಂದಾಗ ಅಮ್ಮ ಬಾಗಿಲ ಹತ್ತಿರ ನಿಂತಿದ್ದಳು. ನೀರು ಸುಮ್ಮನೆ ಹರಿಸಬೇಡ ಎಂದಳು.

ಶಿವರಾತ್ರಿ ಕಳೆದು ಬಿಸಿಲು ಬಲಿತಿದ್ದ ದಿನಗಳಲ್ಲಿ ಒಂದು ಬೆಳಿಗ್ಗೆ ಎಂದಿನಂತೆ ಎದ್ದು, ಶೂ ಕಟ್ಟಿಕೊಂಡು, ರಾಕೆಟ್ಟು ಹಿಡಿದು ಹಿಂದಿನ ಬಾಗಿಲು ತೆರೆದೆ. ಇನ್ನೂ ಮಬ್ಬು ಬೆಳಕು. ಕೋರ್ಟು ಕಾಣಲಿಲ್ಲ. ಬಿಳಿ ಗೆರೆಗಳೂ ಕಾಣಲಿಲ್ಲ. ಈ ತುದಿಯಿಂದ ಆ ತುದಿಯವರೆಗೆ ಅಪ್ಪನ ಹಳೆಯ ಪಂಚೆಗಳು, ಅಮ್ಮನ ಸೀರೆಗಳು, ನಾಲ್ಕೂ ಮೂಲೆಗೆ ಕಲ್ಲು. ಅವುಗಳ ಮೇಲೆ ಸಾಲು ಸಾಲಾಗಿ ಹಸಿ ಸಂಡಿಗೆ. ಅಮ್ಮ ನೆಟ್ಟಿನ ಹತ್ತಿರ ಕುಕ್ಕರುಗಾಲಿನಲ್ಲಿ ಕೂತು ಪಾತ್ರೆಯ ತಳ ಕೆರೆದು ಕೊನೆಯ ಸಂಡಿಗೆ ಇಡುತ್ತಿದ್ದಳು. ಅದಷ್ಟನ್ನೂ ಇಡಲು ಅವಳು ಎಷ್ಟು ಹೊತ್ತಿಗೆ ಎದ್ದಿದ್ದಳೋ.

ಅಪ್ಪನೂ ನನ್ನ ಹಿಂದೆ ಬಂದು ನಿಂತ.

“ಏನೇ ಇದು?”

“ಸಂಡಿಗೆ.”

“ಕಾಣ್ತದೆ. ಮಗು ಆಡ್ಬೇಕು, ಎತ್ತು.”

“ಹಸಿ ಐತೆ. ಒಣಗಿದ್ಮೇಲೆ ಎತ್ತೀನಿ.”

“ಯಾವಾಗ ಒಣಗ್ತದೆ?”

ಅಮ್ಮ ಕೈ ಕೊಡವಿಕೊಂಡು ಎದ್ದು ನಿಂತಳು. “ಇದಾದ್ಮೇಲೆ ಮೆಣಸಿನಕಾಯಿ ಐತೆ. ಹುಣಸೆಹಣ್ಣು ಐತೆ. ಧಾರವಾಡದೋರು ಹಪ್ಪಳ ಇಡ್ತಾರಂತೆ, ಜಾಗ ಕೇಳವ್ರೆ. ಆಮೇಲೆ ರಾಗಿ. ಈ ತಿಂಗಳು ಮುಗೀಲಿ, ನೋಡಣ.”

ಅಪ್ಪ ಒಂದು ಹೆಜ್ಜೆ ಮುಂದಿಟ್ಟ. ಕಾಲಲ್ಲಿ ಚಪ್ಪಲಿ ಇತ್ತು. ಅನ್ನದ ಪದಾರ್ಥವನ್ನು ದಾಟುವವರೂ ತುಳಿಯುವವರೂ ನಮ್ಮ ವಂಶದಲ್ಲೇ ಇಲ್ಲ. ಮುಂದಿಟ್ಟ ಕಾಲನ್ನು ಹಿಂದಕ್ಕೆ ತೆಗೆದುಕೊಂಡ. ಅಮ್ಮನನ್ನು ನೋಡಿದ, ಆಮೇಲೆ ನನ್ನನ್ನು, ನನ್ನ ಮುಖವನ್ನು ಮೊದಲ ಸಲ ನೋಡುವವನಂತೆ ಬಹಳ ಹೊತ್ತು ನೋಡಿದ. ನಾನು ಆ ದಿನ ನನ್ನ ಮುಖವನ್ನು ಬಚ್ಚಿಡಲಿಲ್ಲ.

ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು. ಆಟ ನೋಡಲು ಬಂದವರು ಸಂಡಿಗೆ ನೋಡಿದರು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಅಮ್ಮ ಪಂಚೆಗಳ ನಡುವಿನ ಸಣ್ಣ ಸಂದಿಯಲ್ಲಿ ಹೆಜ್ಜೆ ಹಾಕಿಕೊಂಡು ನನ್ನ ಹತ್ತಿರ ಬಂದಳು. ಕೈತುಂಬ ಹಿಟ್ಟು ಮೆತ್ತಿತ್ತು. ಮೊಣಕೈಯಿಂದ ನನ್ನನ್ನು ಒಳಗೆ ತಳ್ಳಿದಳು.

“ಹೋಗು, ಮಲಕ್ಕೋ. ಹೊತ್ತು ಹುಟ್ಟಕ್ಕೆ ಇನ್ನೂ ಟೈಮೈತೆ.”

ನಾನು ರಾಕೆಟ್ಟನ್ನು ಹಿಂದಿನ ಬಾಗಿಲಿಗೆ ಒರಗಿಸಿ, ಶೂ ಬಿಚ್ಚಿ, ಟೋಪಿ ತೆಗೆದು, ಹಾಸಿಗೆಯಲ್ಲಿ ಬಿದ್ದುಕೊಂಡೆ. ನಿದ್ದೆ ಹತ್ತುವ ಮುಂಚೆ ಹಿತ್ತಿಲಿನಿಂದ ಒಂದು ಸದ್ದು ಕೇಳಿತು. ಎದ್ದು ಕಿಟಕಿಯಿಂದ ನೋಡಿದೆ. ಅಪ್ಪ ಕೋರ್ಟಿನ ಅಂಚಿಗೆ ಕುರ್ಚಿ ಹಾಕಿಕೊಂಡು ಕೂತಿದ್ದ. ಚಪ್ಪಲಿ ಪಕ್ಕಕ್ಕೆ ಬಿಟ್ಟಿದ್ದ. ಕೈಯಲ್ಲಿ ನನ್ನ ರಾಕೆಟ್ಟು ಹಿಡಿದು ಹುಶ್ ಹುಶ್ ಎಂದು ಸಂಡಿಗೆಗೆ ಬಂದ ಕಾಗೆಗಳನ್ನು ಓಡಿಸುತ್ತಿದ್ದ.